ಮೈಕಿನಲ್ಲಿ ಒಂದು ತೊಲೆ ಉಂಗುರ

ಸಾಲದಿಂದ ಹೊರಬರುವ ದಾರಿ ಹೇಳುವ ಪುಸ್ತಕವನ್ನು ನನ್ನ ಗಂಡ ಶಶಿಧರ ಸಾಲ ಮಾಡಿಯೇ ತಂದ. ಬಸ್ ನಿಲ್ದಾಣದ ಹತ್ತಿರ ನೆಲದ ಮೇಲೆ ಹರವಿಕೊಂಡು ಮಾರುವವನು ಮುನ್ನೂರು ರೂಪಾಯಿ ಹೇಳಿದ್ದನಂತೆ. ಆ ಮುನ್ನೂರು ನನ್ನ ರವಿಕೆ ಹೊಲಿದ ದುಡ್ಡು. ಮುಖಪುಟದಲ್ಲಿ ಸೂಟು ಹಾಕಿದ ಮನುಷ್ಯನೊಬ್ಬ ಕೈಕಟ್ಟಿ ನಗುತ್ತಿದ್ದ. ಆ ನಗು ನೋಡಿದರೇ ಗೊತ್ತಾಗುತ್ತಿತ್ತು, ಅವನಿಗೆ ನೆಂಟರಿಲ್ಲ.

ನಮ್ಮ ಸಾಲಕ್ಕೆ ನೆಂಟರೇ ಮೂಲ. ಮಗಳು ಸೃಷ್ಟಿಯ ಜವಳಕ್ಕೆ ನಮ್ಮ ಅತ್ತೆ ಬಸವಣ್ಣೆವ್ವ ನಾವಿರುವ ಖಾಸಬಾಗದ ಅರ್ಧ ಓಣಿಯನ್ನು ಊಟಕ್ಕೆ ಕರೆದರು. ಮಗುವಿನ ತಲೆ ಬೋಳಾಯಿತು, ಜೊತೆಗೆ ನಮ್ಮದೂ ಆಯಿತು. ಖರ್ಚಿಗೆಂದು ನನ್ನ ಬೋರಮಾಳ ಸೊಸೈಟಿಯಲ್ಲಿ ಅಡವು ಬಿತ್ತು. ಅದು ಬಂಗಾರದ ಗುಂಡುಗಳ ಸರ, ಅವ್ವ ತನ್ನ ಕೊರಳಿನಿಂದ ತೆಗೆದು ನನ್ನ ಕೊರಳಿಗೆ ಹಾಕಿದ್ದು. ಅವ್ವ ಈಗಿಲ್ಲ.

"ನಿಮ್ಮ ಉಂಗರಾ ಇಡ್ರಲಾ," ಎಂದು ಆಗಲೇ ಹೇಳಿದ್ದೆ. ನಮ್ಮ ಮದುವೆಯಲ್ಲಿ ಶಶಿಧರನ ಸೋದರಮಾವ, ಖಾನಾಪುರದ ಗುರುಪಾದಪ್ಪ, ಅವನಿಗೆ ನಂದಿಯ ಮುಖವಿದ್ದ ಒಂದು ತೊಲೆಯ ಉಂಗುರ ಹಾಕಿದ್ದರು. "ಮಾಮಾ ಹಾಕಿದ ಉಂಗರಾ ಅಡವ ಇಡಬಾರದು, ಅಪಶಕುನ," ಅಂದ. ನಮ್ಮವ್ವ ಹಾಕಿದ್ದಕ್ಕೆ ಶಕುನ ಯಾಕಿಲ್ಲವೋ ಗೊತ್ತಾಗಲಿಲ್ಲ. ಸೃಷ್ಟಿಯ ಕೂದಲು ಬೆಳೆದು ಜಡೆಯಾಯಿತು, ಬಡ್ಡಿ ಅದಕ್ಕಿಂತ ಸೊಂಪಾಗಿ ಬೆಳೆಯಿತು. ಕೊನೆಗೆ ಸೊಸೈಟಿಯಿಂದ ನೋಟೀಸು ಬಂತು: ಯುಗಾದಿಯೊಳಗೆ ಬಿಡಿಸಿಕೊಳ್ಳದಿದ್ದರೆ ಹರಾಜು.

ಪುಸ್ತಕ ಬಂದದ್ದು ಆಗಲೇ. ವಿದೇಶ ಪ್ರವಾಸ ಮುಂದೂಡಿ ಎಂದಿತ್ತು, ಮುಂದೂಡಿದೆವು. ಎರಡನೇ ಕಾರು ಮಾರಿ ಎಂದಿತ್ತು. ಮೊದಲನೆಯದು ಬರಲಿ, ನೋಡೋಣ ಎಂದು ಪುಟ ತಿರುವಿದೆವು. ಹೊರಗಿನ ಕಾಫಿ ಬಿಡಿ ಎಂದಿತ್ತು. ಉದ್ಯಮಬಾಗದ ಕಾರ್ಖಾನೆಯಲ್ಲಿ ಲೇಥ್ ನಡೆಸುವ ನನ್ನ ಗಂಡ ಹೊರಗಿನ ಚಹಾ ಬಿಟ್ಟು, ಸಂಜೆ ಗೆಳೆಯರ ಮನೆಮನೆಗೆ ಹೋಗಿ ಕುಡಿಯತೊಡಗಿದ. ಮೂರನೇ ಮನೆಯವರು ಬಾಗಿಲು ಹಾಕಿಕೊಂಡ ಮೇಲೆ ಅದೂ ನಿಂತಿತು.

ಒಂದು ಮಾತು ಮಾತ್ರ ನನಗೆ ಹಿಡಿಸಿತು. ಖರ್ಚು ಮಾಡಿ ಉಳಿದದ್ದನ್ನು ಕೂಡಿಡಬೇಡಿ, ಕೂಡಿಟ್ಟು ಉಳಿದದ್ದನ್ನು ಖರ್ಚು ಮಾಡಿ. ಹೊಲಿಗೆ ಯಂತ್ರದ ಕೆಳಗೆ, ನನ್ನ ಕಾಲ ಹತ್ತಿರ, ಶಾವಿಗೆಯ ಹಳೆ ಡಬ್ಬಿ ಇಟ್ಟೆ. ಪಗಾರ ಬಂದ ಸಂಜೆಯೇ ಅದಕ್ಕೊಂದು ಪಾಲು ಬೀಳಬೇಕು. "ಇಲ್ಲಂದ್ರ ಎಲ್ಲಾರೂ ಹಿಂಡಲಗಾ ಜೇಲಿಗೆ ಹೋಗೂಣು ಬರ್ರಿ. ಅಲ್ಲಿ ಬಾಡಿಗಿ ಇಲ್ಲ, ಊಟಾನೂ ಪುಕಟ," ಅಂದೆ. ಮೊದಲ ತಿಂಗಳು ಶಶಿಧರನ ಮುಖ ನೋಡುವಂತಿರಲಿಲ್ಲ. ಆಮೇಲೆ ಅವನೇ ಡಬ್ಬಿ ಎತ್ತಿ ತೂಗಿ ನೋಡತೊಡಗಿದ. ಚಳಿ ಮುಗಿಯುವ ಹೊತ್ತಿಗೆ ಬೋರಮಾಳ ಬಿಡಿಸುವಷ್ಟು ದುಡ್ಡು ಕೂಡಿತ್ತು. ನನಗಂತೂ ನಂಬಿಕೆಯೇ ಬರಲಿಲ್ಲ.

ಅದೇ ವಾರ ಲಗ್ನಪತ್ರಿಕೆ ಬಂತು. ಗುರುಪಾದಪ್ಪ ಮಾಮಾನ ಮಗ ಆಕಾಶನ ಮದುವೆ.

ನಮ್ಮ ಕಡೆ ಮದುವೆಯಲ್ಲಿ ಕೊಡುವ ಆಯೇರಿಯನ್ನು ಕಾಣಿಕೆ ಅನ್ನುತ್ತಾರೆ. ನನ್ನನ್ನು ಕೇಳಿದರೆ ಅದು ಬಡ್ಡಿಯಿಲ್ಲದ ಸಾಲ. ಅವರು ಎಷ್ಟು ಹಾಕಿದರೋ ಅಷ್ಟನ್ನು ಅವರ ಮನೆಯ ಮದುವೆಯಲ್ಲಿ ತಿರುಗಿ ಹಾಕಬೇಕು, ಅದೂ ಮೈಕಿನಲ್ಲಿ ಕೂಗಿಸಿ.

"ತವರಮನ್ಯಾಗ ನನ್ನ ಮೂಗ ಕೊಯ್ಯಬ್ಯಾಡ್ರಿ," ಅಂದರು ಅತ್ತೆ. "ನನ್ನ ತಮ್ಮ ತೊಲಿ ಹಾಕ್ಯಾನ, ತೊಲೀನ ಹೋಗಬೇಕು. ಅಡಿಕ್ಯಾಗ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ."

ಶಶಿಧರ ಹೊಲಿಗೆ ಯಂತ್ರದ ಕೆಳಗೆ ನೋಡಿದ.

"ಡಬ್ಬಿಗೆ ಕೈ ಹಚ್ಚಿದ್ರ ನೋಡ್ರಿ ಮತ್ತ," ಅಂದೆ. ರಾತ್ರಿ ಅವನೊಬ್ಬನೇ ಇದ್ದಾಗ ಉಪಾಯ ಹೇಳಿದೆ. "ಮಾಮಾ ಹಾಕಿದ ಉಂಗರಾನ ತಿರುಗಿ ಆಕಾಶಗ ಹಾಕಿಬಿಡೂಣು."

ಇದರಲ್ಲಿ ತಪ್ಪೇನು? ನಾನು ರವಿಕೆ ಹೊಲಿಯುವವಳು. ನಾನು ಆಯೇರಿ ಕೊಟ್ಟ ಹಸಿರು ಖಣವೊಂದು ನಾಲ್ಕಾರು ಮದುವೆ ತಿರುಗಿ ನನ್ನ ಉಡಿಗೇ ವಾಪಸು ಬಿದ್ದಿದೆ. ಅಂಚಿನ ಚಹಾದ ಕಲೆ ನೋಡಿ ಗುರುತು ಹಿಡಿದೆ. ಖಣ ತಿರುಗಬಹುದಾದರೆ ಉಂಗುರಕ್ಕೇನು ಕಾಲಿಲ್ಲವೇ?

ಶಶಿಧರ ಚೇಳು ಕಡಿದವನಂತೆ ಎದ್ದ. "ಅದು ಬ್ಯಾಡ! ಹೊಸಾದ ಮಾಡಸೂಣು. ಬೋರಮಾಳದ್ದ ಮುಂದ ಏನರ ಮಾಡೂಣಂತ."

"ಏನರ ಅಂದ್ರ?"

ಅವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಡಬ್ಬಿಯನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗಿದೆ.

ಮರುದಿನ ಡಬ್ಬಿ ಹೊತ್ತುಕೊಂಡು ನಾನೇ ಸೊಸೈಟಿಗೆ ಹೋದೆ. ಅಡವಿನ ಕಾಗದದಲ್ಲಿ ಸಹಿ ನನ್ನದೇ ಇತ್ತು. ಬೋರಮಾಳ ಕೈಗೆ ಬಂದಾಗ ಕೌಂಟರಿನ ಮುಂದೆಯೇ ಕೊರಳಿಗೆ ಹಾಕಿಕೊಂಡೆ, ಕಣ್ಣೀರು ತಡೆಯಲಾಗಲಿಲ್ಲ. ಮನೆಗೆ ಬಂದು ಕಪಾಟಿನಲ್ಲಿದ್ದ ಮಾಮಾನ ಉಂಗುರವನ್ನು ಹೊಸ ಕೆಂಪು ಪೆಟ್ಟಿಗೆಗೆ ಹಾಕಿದೆ. "ಉಂಗರದ ವ್ಯವಸ್ಥಾ ಆಗೈತಿ," ಎಂದಷ್ಟೇ ಹೇಳಿದೆ. ಅತ್ತೆ ಹಿಗ್ಗಿದರು. ಡಬ್ಬಿಯ ದುಡ್ಡು ಹೊಸ ಉಂಗುರಕ್ಕೇ ಹೋಯಿತೆಂದು ಭಾವಿಸಿದ ಶಶಿಧರ ತಲೆ ತಗ್ಗಿಸಿದ. ಬೋರಮಾಳ ನನ್ನ ಸೆರಗಿನೊಳಗಿತ್ತು. ನಾಲ್ಕು ದಿನ ನರಳಲಿ ಎಂದು ಸುಮ್ಮನಿದ್ದೆ.

ಖಾನಾಪುರದ ಮಂಗಲ ಕಾರ್ಯಾಲಯದಲ್ಲಿ ಮೈಕಿನವನು ಯಾರಿಗೂ ಬೇಸರವಾಗದಂತೆ ಕನ್ನಡ, ಮರಾಠಿ ಎರಡೂ ಭಾಷೆಯಲ್ಲಿ ಕೂಗುತ್ತಿದ್ದ. "ಖಾಸಬಾಗದ ಅಕ್ಕಾವರ ಮನಿಯಿಂದ ಮದುಮಗಗ ಒಂದು ತೊಲಿ ಬಂಗಾರದ ಉಂಗರಾ! ಏಕ ತೋಳಾ ಸೋನ್ಯಾಚೀ ಅಂಗಠೀ!"

ಅತ್ತೆಯ ಕತ್ತು ಒಂದು ಗೇಣು ಉದ್ದವಾಯಿತು. ಗುರುಪಾದಪ್ಪ ಮಾಮಾ ಪೆಟ್ಟಿಗೆ ತೆರೆದರು. ಉಂಗುರದ ಮೇಲಿದ್ದ ನಂದಿಯ ಮುಖ ಕಂಡದ್ದೇ ತಡ, ಅವರ ಮುಖ ಸುಣ್ಣವಾಯಿತು. "ಆಕಾಶನ ಬೆರಳ ದಪ್ಪ ಅದಾವು, ಆಮ್ಯಾಲೆ ಹಾಕೂಣು," ಎಂದು ಪೆಟ್ಟಿಗೆ ಮುಚ್ಚಿ ಜೇಬಿಗೆ ಇಳಿಸಿದರು. ಪಕ್ಕದಿಂದ ಇಣುಕಿದ್ದ ಶಶಿಧರ ನನ್ನ ಕೈ ಹಿಡಿದು ಅಡುಗೆಮನೆಯ ಹಿಂದಕ್ಕೆ ಎಳೆದೊಯ್ದ.

"ಎಂಥಾ ಕೆಲಸಾ ಮಾಡಿದಿ! ಅದು ಬಂಗಾರಲ್ಲ, ಹಿತ್ತಾಳಿ. ಮ್ಯಾಲ ಬಂಗಾರದ ನೀರ ಕುಡಿಸ್ಯಾರ, ಅಷ್ಟ."

ಜವಳದ ಸಮಯದಲ್ಲಿ ಅವನು ಮೊದಲು ಅಡವಿಡಲು ಒಯ್ದದ್ದು ಆ ಉಂಗುರವನ್ನೇ ಅಂತೆ. ಸೊಸೈಟಿಯ ಅಕ್ಕಸಾಲಿಗ ಕಲ್ಲಿಗೆ ಉಜ್ಜಿ ನೋಡಿ, ನಕ್ಕು, ತಿರುಗಿ ಕೊಟ್ಟನಂತೆ.

"ನನಗ್ಯಾಕ ಹೇಳಲಿಲ್ಲ?"

"ಮಾಮಾನ ಮಾನ ಹೋಗತಿತ್ತ. ಐ.ಟಿ.ಐ. ಕಲಿಯೂ ಮುಂದ ಅವರ ಮನ್ಯಾಗ ಉಂಡೇನಿ ನಾ."

"ಅವರ ಮಾನ ಉಳಿಯಾಕ ನಮ್ಮವ್ವನ ಬೋರಮಾಳ ಹೋಗಬೇಕಿತ್ತೇನ್ರಿ?"

ನನಗೆ ಸಿಟ್ಟು ಎಷ್ಟು ಬಂದಿತ್ತೆಂದರೆ, ಪಕ್ಕದಲ್ಲಿ ಹುಗ್ಗಿಯ ಕಡಾಯಿ ಅಷ್ಟು ಬಿಸಿಯಾಗಿರದಿದ್ದರೆ ಅವನನ್ನು ಅದರೊಳಗೆ ದೂಡುತ್ತಿದ್ದೆ. ವರ್ಷಗಟ್ಟಲೆ ನಾನು ಬರಿಗೊರಳಲ್ಲಿ ತಿರುಗಿದ್ದು ಒಂದು ಹಿತ್ತಾಳೆ ನಂದಿಗಾಗಿ! ಸೆರಗು ಸರಿಸಿ ಬೋರಮಾಳ ತೋರಿಸಿದೆ. ಶಶಿಧರ ಅಕ್ಕಿ ಚೀಲದ ಮೇಲೆ ಕುಸಿದು ಕುಳಿತು, "ಬಿಡಿಸಿದ್ಯಾ?" ಎಂದು ಕೇಳಿ ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟ. ಆಗ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇನ್ನೂ ಇದೆ.

ಅಷ್ಟರಲ್ಲಿ ಮಾಮಾ ನಮ್ಮನ್ನು ಹುಡುಕಿಕೊಂಡು ಬಂದರು.

"ಅಕ್ಕಗ ಹೇಳೀರೇನವ್ವಾ ಮೇಘಾ?"

"ಇಲ್ರಿ ಮಾಮಾ."

"ಆಗ ನನ್ನ ಕಡೆ ಐನೂರ ರೂಪಾಯಿ ಇದ್ದೂ. ಅಷ್ಟ ಆಯೇರಿ ಮಾಡಬೇಕಂತಿದ್ದೆ. ನನ್ನ ತಮ್ಮ ತೊಲಿ ಹಾಕತಾನ ಅಂತ ಅಕ್ಕ ಓಣಿ ತುಂಬಾ ಸಾರಿಬಿಟ್ಟಿದ್ಲು. ಏನ ಮಾಡಲಿ?"

ಬಯ್ಯಬೇಕೆಂದು ಬಾಯಿ ತೆರೆದೆ. ಅರವತ್ತು ದಾಟಿದ ಮನುಷ್ಯ, ಮಗನ ಮದುವೆಯ ದಿನ, ತಲೆಗೆ ಸುತ್ತಿದ್ದ ಪಟಕಾ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

"ಇಲ್ಲೇನ ಮಾಡಾಕತ್ತೀರಿ?" ಎನ್ನುತ್ತ ಅತ್ತೆ ಬಂದರು. ಮುಖ ಹಬ್ಬವಾಗಿತ್ತು. "ನೋಡಪಾ ಗುರುಪಾದಾ, ನನ್ನ ಮಗಾ ಸೊಸಿ ಹೆಂಗ ಮರ್ಯಾದಿ ಉಳಿಸಿದ್ರು! ನಮ್ಮ ಸೃಷ್ಟಿ ಲಗ್ನಕ್ಕ ನೀನೂ ತೊಲೀನ ತರಬೇಕ ಮತ್ತ!" ಉತ್ತರಕ್ಕೂ ಕಾಯದೆ, ಉಳಿದ ಆಯೇರಿ ಕೇಳಿಸಿಕೊಳ್ಳಲು ಮೈಕಿನ ಕಡೆ ಓಡಿದರು.

ಮಾಮಾ ನನ್ನನ್ನೇ ನೋಡುತ್ತಿದ್ದರು. ಅವರ ತಲೆಯಲ್ಲಿ ಆಗಲೇ ಹೊಸ ಸಾಲ ಮೊಳೆಯುತ್ತಿತ್ತು.

"ಸೃಷ್ಟಿ ಈಗಿನ್ನ ಎರಡನೇ ಕ್ಲಾಸಿನ್ಯಾಗ ಅದಾಳ್ರಿ ಮಾಮಾ," ಅಂದೆ. "ಸಾಲಾ ಗೀಲಾ ಮಾಡಬ್ಯಾಡ್ರಿ. ಆ ಉಂಗರಾನ ಜ್ವಾಕಿ ಮಾಡಿ ಇಡ್ರಿ. ಲಗ್ನದಾಗ ಒಮ್ಮಿ ಪಾಲಿಶ್ ಮಾಡಿಸಿಕೊಂಡ ಬರ್ರಿ. ಮೈಕಿನ್ಯಾಗ ನಾನ ಕೂಗಸ್ತೇನಿ."

ಮಾಮಾ ಪಟಕಾ ತಲೆಗೆ ಸುತ್ತಿಕೊಂಡು, ಜೇಬಿನ ಗುಂಡಿ ಹಾಕಿಕೊಂಡರು.