ಬೆನ್ನು ತಟ್ಟುವ ಕೈ

ಮೂವತ್ತು ದಾಟಿದ ಮಗಳ ಬೆನ್ನು ತಟ್ಟೋ ತಾಯಿ ಎಲ್ಲಾದ್ರೂ ಉಂಟೇ ಅಂತ ನಗಬೇಡಿ, ಇಲ್ಲಿದ್ದಳು. ಮಗಳಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್, ಎದೆಯಲ್ಲಿ ಕಫ ಗೋಂದಿನ ಹಾಗೆ ಅಂಟಿ ಕೂರುವ ಕಾಯಿಲೆ. ದಿನಾ ಬೆಳಿಗ್ಗೆ ಅವಳು ದಿಂಬಿನ ಮೇಲೆ ಬೋರಲು ಮಲಗಬೇಕು, ಅಮ್ಮ ಅಂಗೈ ಬೊಗಸೆ ಮಾಡಿ ಪಕ್ಕೆಗೆ ದಬದಬ ತಟ್ಟಬೇಕು, ಕಫ ಸಡಿಲಾಗಬೇಕು. "ಏಳೇ ಕತ್ತೆ, ಬೆನ್ನು ಕೊಡು" ಅನ್ನೋದರಿಂದಲೇ ಆ ಮನೆಗೆ ಬೆಳಗಾಗುತ್ತಿತ್ತು.

ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಗಳದ್ದು. ಕೆಮ್ಮು ಕೇಳಿದವರು ಮಾರುದೂರ ಸರಿಯುತ್ತಿದ್ದರು. ಅಂಟುರೋಗ ಅಲ್ಲ ಮಾರಾಯ್ರೇ ಅಂದರೂ ಯಾರು ಕೇಳ್ತಾರೆ? ಹೋಗಲಿ, ಇದೇ ಕಾಯಿಲೆಯವರ ಜತೆ ಕೂತು ಹರಟೋಣ ಅಂದರೆ ಅದೂ ಇಲ್ಲ. ಒಬ್ಬರ ಎದೆಯ ಸೋಂಕು ಇನ್ನೊಬ್ಬರಿಗೆ ಹತ್ತುತ್ತದೆಂದು ಆಸ್ಪತ್ರೆಯವರು ಅವರನ್ನೆಲ್ಲ ಬೇರೆಬೇರೆ ಕೋಣೆಯಲ್ಲಿ ಕೂರಿಸುತ್ತಿದ್ದರು. ಅವಳನ್ನು ಮುಟ್ಟುವ ಕೈ ಅಂತ ಈ ಲೋಕದಲ್ಲಿ ಇದ್ದದ್ದು ಅಮ್ಮನದ್ದೊಂದೇ.

ಒಂದು ಬೆಳಿಗ್ಗೆ ಆ ಕೈಯ ಕೆಳಗೇ ಪಕ್ಕೆಲುಬು ಲಟಕ್ ಅಂತು. ಜೀವ ಬಾಯಿಗೆ ಬಂತು. ಆದರೆ ಅವಳು ಜೋರಾಗಿ ಕೆಮ್ಮಿ ಆ ಸದ್ದು ಮುಚ್ಚಿದಳು. ಅಮ್ಮನಿಗೆ ಗೊತ್ತಾದರೆ ಆ ಕೈ ಮತ್ತೆ ತನ್ನ ಮೇಲೆ ಬೀಳೋದುಂಟೇ?

"ಸಾಕಮ್ಮ, ಇವತ್ತು ಬೇಗ ಹೋಗ್ಬೇಕು" ಅಂದಳು.

ಆಮೇಲೆ ನೋವಿಗೆ ಹೆದರಿ ಕೆಮ್ಮು ನುಂಗತೊಡಗಿದಳು, ಪೆದ್ದಿ. ಕೆಮ್ಮು ನುಂಗಿದರೆ ಕಫ ಕೂರುತ್ತೆ, ಕಫ ಕೂತರೆ ಜ್ವರ. ವಾರದೊಳಗೆ ಆಸ್ಪತ್ರೆ ಸೇರಿದಳು.

"ಕೆಮ್ಮಿ ಕೆಮ್ಮಿ ಪಕ್ಕೆಲುಬು ಮುರೀತು, ಡಾಕ್ಟ್ರೇ" ಅಂದಳು, ಅಮ್ಮನ ಎದುರಿಗೇ.

ಡಾಕ್ಟರು ಸ್ಕ್ಯಾನ್ ತೋರಿಸಿದರು. "ಮೂಳೆ ಅಂದ್ರೆ ಕಲ್ಲಲ್ಲಮ್ಮ. ಹಳೇದನ್ನ ಕೆಡವೋ ಜೀವಕೋಶ, ಹೊಸದು ಕಟ್ಟೋ ಜೀವಕೋಶ, ಎರಡೂ ಅಲ್ಲಿ ದಿನಾ ದುಡೀತಿರ್ತಾವೆ. ಈ ಕಾಯಿಲೇಲಿ ಕಟ್ಟೋವು ಸೋಮಾರಿ. ಸೋಂಕು ಇದ್ರಂತೂ ಕೆಡವೋವು ಭಾರೀ ಚುರುಕು. ವಿಟಮಿನ್ನೂ ಸರಿಯಾಗಿ ಮೈಗೆ ಹತ್ತಲ್ಲ."

"ನಮ್ಮಂಗಡಿ ಥರಾನೇ ಬಿಡಿ, ಕೂರಿಸೋರಿಗಿಂತ ಒಡೆಯೋರೇ ಚುರುಕು" ಅಂದಳು. ಯಾರೂ ನಗಲಿಲ್ಲ.

ಮೂಳೆಗೆ ಔಷಧಿ ಬಂತು. ತಟ್ಟೋದು ನಿಂತಿತು, ಅದರ ಬದಲು ಬಾಯಲ್ಲಿಟ್ಟು ಊದುವ ಒಂದು ಪುಟ್ಟ ಉಪಕರಣ ಬಂತು. ಊದಿದರೆ ಎದೆ ಅದುರಿ ಕಫ ಬಿಡುತ್ತೆ. ಒಳ್ಳೇದೇ, ಯಾರು ಬೇಡ ಅಂದರು? ಆದರೆ ಬೆಳಗಾಗೆದ್ದು ಗೋಡೆ ನೋಡುತ್ತಾ ಒಬ್ಬಳೇ ಊದುವಾಗ ಅವಳಿಗೆ ಅಳು ಬರುತ್ತಿತ್ತು.

ಕೊನೆಗೊಂದು ದಿನ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮನ ಹತ್ತಿರ ಬಾಯಿಬಿಟ್ಟು ಕೇಳಿದಳು: "ತಟ್ಟೋದು ಬೇಡ. ಬೆನ್ನ ಮೇಲೆ ಸುಮ್ನೆ ಕೈ ಇಡಮ್ಮಾ."

ಅಮ್ಮ ಎರಡೂ ಕೈಯನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಳು.

"ಬೇಡ ಮಗಳೇ. ಅವತ್ತು ನೀನು ಕೆಮ್ಮೋಕೆ ಮುಂಚೇನೇ ಆ ಲಟಕ್ ನಂಗೆ ಕೇಳಿಸ್ತು."