ಉಪ್ಪಿಲ್ಲದ ಪಲ್ಯೆಗೊಂದು ಶಬ್ದ

ನಾಗರ ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ ಬೈರಿದೇವರಕೊಪ್ಪದ ಆ ಓಣಿಯಲ್ಲಿ ತಾಟುಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಎಳ್ಳು ಹಚ್ಚಿದ ರೊಟ್ಟಿ, ಮೇಲೆ ಪಲ್ಯೆ, ಚಟ್ನಿ. ಬಂದ ತಾಟನ್ನು ಖಾಲಿ ಕಳಿಸುವಂತಿಲ್ಲ. ಈ ಸಲ ಓಣಿಗೆ ಹೊಸದಾಗಿ ಬಂದ ಉಡಚವ್ವನೂ ಒಂದು ತಾಟು ತಂದುಕೊಟ್ಟಿದ್ದಳು. ಅವಳ ಮಗ ಶಶಿಕುಮಾರ ಸರಕಾರಿ ನೌಕರ. ಅವರ ಜಾತಿ ಯಾವುದೆಂದು ಯಾರೂ ಕೇಳಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು.

ಇಂಗ್ಲಿಷ್ ಕಲಿಸುವ ವಾಣಿಶ್ರೀ ಆ ತಾಟನ್ನು ಒಳಗಿಟ್ಟಳು. ಅತ್ತೆ ಬಾಳವ್ವ ಮಠದ ಪ್ರವಚನದಲ್ಲಿ ಕುಲವೆಲ್ಲ ಒಂದೇ ಎಂದಾಗ ಎಲ್ಲರಿಗಿಂತ ಜೋರಾಗಿ ತಲೆದೂಗುವವರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಇಲ್ಲಿ ತಿನ್ನುವುದೂ ಆಗಲಿಲ್ಲ. ಅವರು ತಾಟನ್ನೆತ್ತಿ ಬಾಗಿಲಿಗೆ ಬಂದ ಆಕಳ ಮುಂದೆ ಸುರಿದರು. ಆಕಳಿಗೆ ಹಾಕಿದರೆ ಪುಣ್ಯವೇ ತಾನೆ? ವಾಣಿಶ್ರೀ ನೋಡಿಯೂ ನೋಡದಂತಿದ್ದಳು. ಒಳಗೆ ಮಾತ್ರ ಚುಚ್ಚಿತು.

ಸಂಜೆ ತಮ್ಮ ಮನೆಯ ರೊಟ್ಟಿ ಇಟ್ಟು ತಾಟು ಮರಳಿಸಲು ಹೋದಾಗ, ಕಾಳುಪಲ್ಯೆ ಹೇಗಿತ್ತೆಂದು ಉಡಚವ್ವ ನಾಚುತ್ತ ಕೇಳಿದಳು. ಕನ್ನಡದಲ್ಲಿ ಸುಳ್ಳು ಹೇಳಲು ವಾಣಿಶ್ರೀಯ ನಾಲಿಗೆ ಏಳಲಿಲ್ಲ. "ಸ್ಕ್ರಂಪ್ಶಸ್" ಎಂದುಬಿಟ್ಟಳು. ಹಾಗಂದರೇನು, ಎಲ್ಲಿಯ ಶಬ್ದ ಎಂದು ಮುದುಕಿ ಬೆನ್ನುಹತ್ತಿದಳು. ಬಾಯಿ ಚಪ್ಪರಿಸುವಷ್ಟು ರುಚಿ ಎಂದರ್ಥ. ಅದರ ಹುಟ್ಟು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಅದ್ದೂರಿ ಎಂಬರ್ಥದ 'ಸಂಪ್ಚುಯಸ್' ಶಬ್ದ ಅಮೆರಿಕದ ಮಂದಿಯ ಬಾಯಲ್ಲಿ ತಿರುಚಿ ಹೀಗಾಯಿತೆನ್ನುತ್ತಾರೆ, ಅದರ ಬೇರು ಖರ್ಚು ಎನ್ನುವ ಅರ್ಥದ ಲ್ಯಾಟಿನ್ ಶಬ್ದದಲ್ಲಿದೆ. ಹೀಗೆ ವಾಣಿಶ್ರೀ ಪಾಠದ ಹಿಂದೆ ಅಡಗಿಕೊಂಡು ಮನೆಗೆ ಬಂದಳು.

ಮರುದಿನ ಮುಂಜಾನೆ ಉಡಚವ್ವ ಬಿಸಿ ರೊಟ್ಟಿ, ಕಾಳುಪಲ್ಯೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದೇವರಿಗೆ ಎಡೆ ಹಿಡಿಯುವ ಮೊದಲು ರುಚಿ ನೋಡುವಂತಿಲ್ಲವಲ್ಲ. ನಿನ್ನೆಯ ಪಲ್ಯೆಗೆ ಉಪ್ಪೇ ಬಿದ್ದಿಲ್ಲವೆಂದು ಅವಳಿಗೆ ತಿಳಿದದ್ದು ಓಣಿಗೆಲ್ಲ ಹಂಚಿ ರಾತ್ರಿ ತಾನು ಉಣ್ಣಲು ಕೂತಾಗಲೇ.

"ಉಪ್ಪಿಲ್ಲದ್ದನ್ನ ಉಂಡೂ ಅಷ್ಟ ದೊಡ್ಡ ಮಾತ ಅಂದ್ರಿ, ಅಕ್ಕಾರ. ಆ ಶಬ್ದ ಯಾವ ದೇಶದಿಂದ ಬಂತೋ ಏನೋ, ನನಗಂತೂ ನಿಮ್ಮ ಮನಸಿನಿಂದ ಬಂದೈತಿ ಬಿಡ್ರಿ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಅವರು ತಿನ್ನೂದಿಲ್ಲ, ಕೊಡಬ್ಯಾಡ ಅಂತ ನನ್ನ ಮಗಾ ಅಂದಿದ್ದ. ತಿಂದಾರ ನೋಡು ಅಂತ ಅವನ ಬಾಯಿ ಮುಚ್ಚಿಸೇನಿ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ವಾಣಿಶ್ರೀಗೆ. ಈಗಲೇ ಹೇಳಿಬಿಡಬೇಕು. ಹೇಳಿದರೆ ಈ ಮುದುಕಿ ಮಗನ ಮುಂದೆ ಸೋಲುತ್ತಾಳೆ, ಇನ್ನೆಂದೂ ಯಾರ ಮನೆಗೂ ತಾಟು ಒಯ್ಯಲಾರಳು. ಒಳಗೆ ಬಾಳವ್ವ ಕೆಮ್ಮಿದರು. ವಾಣಿಶ್ರೀ ಹೊಸ್ತಿಲಲ್ಲೇ ಕೂತು ರೊಟ್ಟಿ ಮುರಿದಳು. ಉಪ್ಪು ಹದವಾಗಿತ್ತು. ಇಷ್ಟು ರುಚಿಯಾದ ಕಾಳುಪಲ್ಯೆಯನ್ನು ಅವಳು ಎಂದೂ ತಿಂದಿರಲಿಲ್ಲ. ನಿನ್ನೆ ಸಲೀಸಾಗಿ ಬಂದ ಶಬ್ದ ಇಂದು ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

"ಖಾರ ಹೆಚ್ಚಾತೇನ್ರಿ?" ಉಡಚವ್ವ ಗಾಬರಿಯಾದಳು.

ವಾಣಿಶ್ರೀ ಹೌದೆಂದು ತಲೆಯಾಡಿಸಿದಳು.

"ನಂದ ತಪ್ಪ ಬಿಡ್ರಿ," ಎನ್ನುತ್ತ ಉಡಚವ್ವ, ಎರಡು ಹೆಜ್ಜೆ ಒಳಗಿದ್ದ ನೀರಿನ ಕೊಡವನ್ನು ಮುಟ್ಟದೆ, ನೀರು ತರಲು ತನ್ನ ಮನೆಗೆ ಓಡಿದಳು.