ಬೀರುವಿನೊಳಗಿನ ರೌಟರ್

ನಮ್ಮ ಮನೆ ಮಾಲೀಕರು ಚಿಕ್ಕಬೈರಪ್ಪನವರು ರೌಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಬಿಟಿಎಂ ಲೇಔಟಿನಲ್ಲಿ ಒಂದು ಕಾಲಕ್ಕೆ ಪತ್ರ ಹೊರಗಿಟ್ಟು ಸೈಟೊಂದನ್ನು ಕಳೆದುಕೊಂಡವರು. ಅಂದಿನಿಂದ ಬೆಲೆಬಾಳುವುದೆಲ್ಲ ಬೀರುವಿಗೆ. ಮೇಲೆ ಉಳಿದ ಸೈಟುಗಳ ಪತ್ರ, ಕೆಳಗೆ ಹೆಂಡತಿಯ ರೇಷ್ಮೆ ಸೀರೆ, ನಡುವೆ ಧೂಳು ಕೂರದಂತೆ ಟವೆಲ್ ಹೊದ್ದ ರೌಟರ್. ವೈರಿಗೆಂದು ಬೀರುವಿನ ಬೆನ್ನಿಗೆ ತೂತು ಕೊರೆಸಿದ್ದಾರೆ. ಹೊದ್ದುಕೊಂಡ ರೌಟರ್ ಬಿಸಿಯಾಗುತ್ತದೆ, ಬಿಸಿಯಾಗಿ ನಿಂತುಬಿಡುತ್ತದೆ.

ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವವನು ನಾನು, ಹುಬ್ಬಳ್ಳಿ ಕಡೆಯ ಸಿದ್ದಾರೂಢ. ವೈಫೈ ಬಾಡಿಗೆಯಲ್ಲೇ ಸೇರಿದೆ. ಆರು ತಿಂಗಳಿಂದ ಹೇಳುತ್ತಲೇ ಇದ್ದೆ.

"ಅಂಕಲ್, ಅದನ್ನ ಹೊರಗ ಇಡ್ರಿ. ಕಬ್ಬಿಣದ ಬೀರುನ್ಯಾಗ ಇಟ್ರ ಸಿಗ್ನಲ್ ಹೆಂಗ ಬರ್ತದ?"

"ನೀನ್ ಸುಮ್ನಿರಪ್ಪ. ಮೊದ್ಲು ನೆಟ್ಟಗೆ ಕನ್ನಡ ಮಾತಾಡೋದ್ ಕಲಿ, ಆಮೇಲೆ ರೌಟರ್ ವಿಷ್ಯ."

ಮೈಯೆಲ್ಲ ಉರಿಯುತ್ತಿತ್ತು. ಏಕೆಂದರೆ ನನ್ನ ಹೊಟ್ಟೆಪಾಡೇ ರೌಟರ್. ಒಂದು ಇಂಟರ್ನೆಟ್ ಕಂಪನಿಯ ಕಸ್ಟಮರ್ ಕೇರ್ ಕೆಲಸ ನನ್ನದು. ಕೋಣೆಯಲ್ಲೇ ಕೂತು ನೆಟ್ ಇಲ್ಲದವರಿಗೆ "ಆಫ್ ಮಾಡಿ, ಮೂವತ್ತು ಎಣಿಸಿ, ಆನ್ ಮಾಡಿ" ಎನ್ನಬೇಕು. ಅಲ್ಲಿ ನಾನು ಮಯೂರ್. ಸಿದ್ದಾರೂಢ ಎಂದರೆ ಕಾಲ್ ಎರಡು ಸೆಕೆಂಡ್ ಉದ್ದವಾಗುತ್ತದಂತೆ. ಮಯೂರ್ ಆಡುವುದು ಪಠ್ಯಪುಸ್ತಕದ ಕನ್ನಡ. ಬರೆದುಕೊಟ್ಟದ್ದರಲ್ಲಿ ಒಂದು ಸಾಲು ಬಿಟ್ಟರೂ ರೆಕಾರ್ಡಿಂಗ್ ಕೇಳುವ ಶ್ವೇತಾ ಮೇಡಂ ಮೆಮೊ ಕಳಿಸುತ್ತಾರೆ, ಎರಡು ಬಂದಾಗಿತ್ತು. ತಿಂಗಳಲ್ಲಿ ನಾಲ್ಕು ಸಲ ಕಾಲ್ ನಡುವೆ ನಮ್ಮ ನೆಟ್ ಕಡಿದರಂತೂ ಕೆಲಸವೇ ಹೋಯಿತು. ಈ ತಿಂಗಳು ಮೂರು ಸಲ ಕಡಿದಿತ್ತು.

ಹೋದ ಮಂಗಳವಾರ ಬೆಳಿಗ್ಗೆಯೇ ರೌಟರ್ ಮಲಗಿತು. ಕಾಲ್‌ಗಳು ಶುರುವಾಗುವ ಮೊದಲೇ ಲ್ಯಾಪ್‌ಟಾಪನ್ನು ಮೊಬೈಲ್ ಡೇಟಾಕ್ಕೆ ಹಾಕಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅದೂ ಮುಗಿಯುವುದರಲ್ಲಿತ್ತು. ಆಗ ಒಂದು ಕಾಲ್ ಬಂತು. "ನಮಸ್ಕಾರ, ನಾನು ಮಯೂರ್ ಮಾತನಾಡುತ್ತಿದ್ದೇನೆ" ಎಂದೆ.

"ಸಾರ್, ನೆಟ್ ನಿಂತೋಗಿದೆ ಸಾರ್. ಟಿವಿಲಿ ಬರೀ ಚಕ್ರ ತಿರುಗ್ತಿದೆ."

ಅದೇ ದನಿ ಕಿಟಕಿಯಿಂದಲೂ ಕೇಳಿಸಿತು. ಕೆಳಗಿನ ಚಿಕ್ಕಬೈರಪ್ಪನವರು. ಮನೆಯ ನೆಟ್ ನಮ್ಮ ಕಂಪನಿಯದೇ, ಆದರೂ ಅಷ್ಟು ಮಂದಿ ಫೋನ್ ಎತ್ತುವ ಕಡೆ ಅವರ ಕಾಲ್ ನನಗೇ ಬರಬೇಕೆ? ಅವರ ಬಾಯಲ್ಲಿ ಸಾರ್ ಎನ್ನಿಸಿಕೊಂಡದ್ದು ಅದೇ ಮೊದಲು. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

"ರೌಟರನ್ನು ಎಲ್ಲಿ ಇಟ್ಟಿದ್ದೀರಿ ಸಾರ್?"

"ಹಾಲಲ್ಲೇ ಸಾರ್."

"ಕಬ್ಬಿಣದ ಬೀರುವಿನಲ್ಲಿ ಇರುವಂತೆ ತೋರಿಸುತ್ತಿದೆ. ಮೇಲೆ ಟವೆಲ್ ಕೂಡ ಇದೆ."

"ಅಲ್ಲಿಂದಾನೇ ಕಾಣುತ್ತಾ ಸಾರ್?" ಎಂದರು, ದನಿ ತಗ್ಗಿಸಿ.

ಕೆಳಗೆ ಬೀಗದ ಕೈಗಳ ಸದ್ದಾಯಿತು. ಆರು ತಿಂಗಳು ಬಾಯಿ ಬಡಿದುಕೊಂಡರೂ ತೆರೆಯದ ಬೀರು ಅರ್ಧ ನಿಮಿಷದಲ್ಲಿ ತೆರೆಯಿತು. ರೌಟರನ್ನು ಟಿವಿ ಪಕ್ಕದ ಮೇಜಿನ ಮೇಲೆ ಇಡಿಸಿದೆ. ಆಫ್ ಮಾಡಿ ಮೂವತ್ತು ಎಣಿಸಲು ಹೇಳಿದೆ. ಶಾಲೆಯ ಮಕ್ಕಳ ಹಾಗೆ ಗಟ್ಟಿಯಾಗಿ ಎಣಿಸಿದರು. ಒಂದೊಂದು ಅಂಕಿಯೂ ಕಿಟಕಿಯಲ್ಲಿ ಮೊದಲು, ಹೆಡ್‌ಫೋನಿನಲ್ಲಿ ಆಮೇಲೆ ಕೇಳಿಸಿತು. ನನ್ನ ಲ್ಯಾಪ್‌ಟಾಪಿನ ಮೂಲೆಯಲ್ಲಿ ಅವರ ವೈಫೈ ಎಲ್ಲ ಗೆರೆಗಳನ್ನೂ ತುಂಬಿಕೊಂಡು ಕಾಣಿಸಿಕೊಂಡಿತು. ಈ ಕಾಲ್ ಮುಗಿದ ಕೂಡಲೇ ಅದಕ್ಕೆ ಹಾರಿದರೆ ಬದುಕಿಕೊಂಡೆ ಎಂದುಕೊಂಡೆ.

ಕೊನೆಯ ಸಾಲೊಂದು ಬಾಕಿಯಿತ್ತು. ಬಿಟ್ಟುಬಿಡೋಣ ಎನ್ನಿಸಿತು. ಶ್ವೇತಾ ಮೇಡಂ ನೆನಪಾಗಿ ಓದಿದೆ.

"ಸುರಕ್ಷತೆಗಾಗಿ ಪಾಸ್‌ವರ್ಡ್ ಬದಲಿಸಿ. ಕುಟುಂಬದವರಲ್ಲದ ಯಾರಿಗೂ ಅದನ್ನು ಕೊಡಬೇಡಿ."

"ಮೇಲ್ಗಡೆ ಒಬ್ಬ ಹುಡುಗ ಬಾಡಿಗೆಗಿದಾನೆ ಸಾರ್. ಮಾತು ಒರಟು, ಹುಡುಗ ಒಳ್ಳೆಯೋನು. ಅವನಿಗೂ ಕೊಡಬಾರ್ದಾ?"

ಕೊಡಿ, ಆ ಹುಡುಗ ನಾನೇ ಎಂದು ಕೂಗಬೇಕೆನಿಸಿತು. ಆದರೆ ರೆಕಾರ್ಡಿಂಗ್ ಓಡುತ್ತಿತ್ತು, ಆ ಪ್ರಶ್ನೆಗೆ ಬರೆದುಕೊಟ್ಟ ಉತ್ತರ ಒಂದೇ ಇತ್ತು.

"ಕಂಪನಿ ಅದನ್ನು ಶಿಫಾರಸು ಮಾಡುವುದಿಲ್ಲ ಸಾರ್."

"ನೀವ್ ಹೇಳಿದ್ಮೇಲೆ ಮುಗೀತು ಸಾರ್."

ನಾನು ಕಳುಹಿಸಿದ ಲಿಂಕ್ ಒತ್ತಿ ಆಗಲೇ ಪಾಸ್‌ವರ್ಡ್ ಬದಲಿಸಿದರು. ನನಗೆ ಐದಕ್ಕೆ ಐದು ಸ್ಟಾರ್ ಕೊಟ್ಟು ಫೋನ್ ಇಟ್ಟರು. ಮುಂದಿನ ಕಾಲ್‌ನ ನಡುವೆ ನನ್ನ ಮೊಬೈಲ್ ಡೇಟಾ ಮುಗಿಯಿತು. ಅದು ನಾಲ್ಕನೆಯ ಸಲ.

ಕೆಳಗೆ ಓಡಿದೆ. ಚಿಕ್ಕಬೈರಪ್ಪನವರು ಆರಾಮಾಗಿ ಟಿವಿ ನೋಡುತ್ತಿದ್ದರು.

"ಅಂಕಲ್, ಹೊಸಾ ಪಾಸ್‌ವರ್ಡ್ ಕೊಡ್ರಿ. ಆ ಮಯೂರ್ ನಾನ ರೀ."

ಮನಸಾರೆ ನಕ್ಕರು. "ನೀನಾ? ಅವ್ರು ಎಂಥಾ ಕನ್ನಡ ಮಾತಾಡ್ತಾರೆ."

ನೆಟ್ಟಗೆ ನಿಂತು, "ನಮಸ್ಕಾರ, ನಾನು ಮಯೂರ್ ಮಾತನಾಡುತ್ತಿದ್ದೇನೆ" ಎಂದೆ.

"ಮಿಮಿಕ್ರಿ ಸಖತ್ತಾಗ್ ಮಾಡ್ತೀಯ" ಎಂದರು. ನನ್ನ ಮುಖ ನೋಡಿ ಅಯ್ಯೋ ಪಾಪ ಎನ್ನಿಸಿತೇನೋ, ತಾವೇ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ನನ್ನ ಮುಂದಿಟ್ಟರು. "ನೀನೇ ಕೇಳು. ಮಯೂರ್ ಸಾರ್ ಹೂಂ ಅಂದ್ರೆ ಈಗ್ಲೇ ಕೊಡ್ತೀನಿ."

ಯಾರೋ ಹುಡುಗಿ ಎತ್ತಿದಳು. ಮಯೂರ್ ಬೇಕೆಂದೆ. ಬರೆದುಕೊಟ್ಟದ್ದನ್ನು ಚಾಚೂ ತಪ್ಪದೆ ಓದಿದಳು.

"ಕ್ಷಮಿಸಿ ಸಾರ್, ಆ ಹೆಸರಿನವರು ಈಗ ನಮ್ಮಲ್ಲಿ ಕೆಲಸ ಮಾಡುತ್ತಿಲ್ಲ."

ಚಿಕ್ಕಬೈರಪ್ಪನವರು ಟಿವಿಯ ಸದ್ದು ತಗ್ಗಿಸಿದರು. ನಿಜವಾಗಿಯೂ ಬೇಜಾರಾಗಿದ್ದರು.

"ಛೆ, ಅಂಥಾ ಒಳ್ಳೆ ಮನುಷ್ಯನ್ನ ಯಾಕ್ ತೆಗೆದ್ರೋ" ಎಂದರು.